ಹಳೆಯ ಓಟುಗಳ ಮನೆ

ನಿವೃತ್ತಿಯಾದ ಮೇಲೆ ಸಂಜೆ ಹೊತ್ತು ನಾಲ್ಕಾರು ಪಿಯುಸಿ ಮಕ್ಕಳಿಗೆ ಇತಿಹಾಸ, ರಾಜ್ಯಶಾಸ್ತ್ರ ಹೇಳಿಕೊಡುವುದು ನಾನು ಹಚ್ಚಿಕೊಂಡ ಕೆಲಸ. ಒಂದು ದಿನ ಸಂಸತ್ತಿನ ಪಾಠ ನಡೆಯುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು: "ಸರ್, ರಾಜ್ಯಸಭೆಗೆ ಓಟು ಹಾಕೋದು ಯಾವಾಗ? ನಮ್ಮ ಮನೇಲಿ ಯಾರಿಗೂ ಹಾಕಿದ ನೆನಪೇ ಇಲ್ವಂತೆ."

ನೀವು ಹಾಕುವುದಿಲ್ಲಮ್ಮ, ನೀವು ಆರಿಸಿದ ಶಾಸಕರು ಹಾಕುತ್ತಾರೆ ಎಂದೆ. "ಹಾಗಾದ್ರೆ ಅದು ನಮ್ಮ ಓಟಲ್ಲ" ಎಂದಳು. "ನಿಮ್ಮದೇ, ಆದರೆ ಹಳೆಯದು" ಎಂದುಬಿಟ್ಟೆ. ಆ ಕ್ಷಣಕ್ಕೆ ಬಾಯಿಗೆ ಬಂದ ಮಾತು ಅದು. ಮನೆಗೆ ಬಂದ ಮೇಲೂ ತಲೆಯಿಂದ ಹೋಗಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನು ನಾನು. ರಾಜ್ಯಸಭೆಯ ಬಲಾಬಲವನ್ನು ಯಾವಾಗಲೂ ಸಂಖ್ಯೆಯಾಗಿ ಬರೆಸಿದ್ದೆನೇ ಹೊರತು ಆ ಸಂಖ್ಯೆಗೆ ಎಷ್ಟು ವಯಸ್ಸಾಗಿದೆ ಎಂದು ಯೋಚಿಸಿರಲಿಲ್ಲ.

ಸಂಖ್ಯೆ ಎಲ್ಲರಿಗೂ ಗೊತ್ತಿರುವುದೇ. ಸಂವಿಧಾನದ 80ನೇ ವಿಧಿಯಂತೆ ಹೆಚ್ಚೆಂದರೆ 250 ಸದಸ್ಯರು. ಈಗಿರುವ ಸ್ಥಾನಗಳು 245. ಅವುಗಳಲ್ಲಿ 233 ವಿಧಾನಸಭೆಗಳ ಮೂಲಕ ಬರುತ್ತವೆ, 12 ರಾಷ್ಟ್ರಪತಿಗಳ ನಾಮನಿರ್ದೇಶನ. ಉತ್ತರ ಪ್ರದೇಶಕ್ಕೆ 31, ಮಹಾರಾಷ್ಟ್ರಕ್ಕೆ 19, ನಮಗೆ 12, ಗೋವಾ, ಸಿಕ್ಕಿಂಗಳಿಗೆ ಒಂದೊಂದು. 1952ರ ಏಪ್ರಿಲ್‌ನಲ್ಲಿ ಮೊದಲ ಸಲ ರಚನೆಯಾದಾಗ ಇದ್ದವರು 216 ಜನ. ಆಮೇಲೆ ಆ ಸಭೆ ಒಮ್ಮೆಯೂ ವಿಸರ್ಜನೆಯಾಗಿಲ್ಲ. ಒಬ್ಬೊಬ್ಬರಿಗೆ ಆರು ವರ್ಷದ ಅವಧಿ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಹೊರಗೆ, ಅಷ್ಟೇ ಜನ ಒಳಗೆ. ಹೆಪ್ಪು ಹಾಕಿದ ಹಾಗೆ: ನಿನ್ನೆಯ ಮೊಸರು ಸ್ವಲ್ಪ ಉಳಿದೇ ಇರುತ್ತದೆ, ಅದರ ಹುಳಿ ಇವತ್ತಿನ ಹಾಲಿಗೂ ಬರುತ್ತದೆ.

ನಮ್ಮ ವಿಧಾನಸಭೆಯಲ್ಲಿ ನಾಲ್ಕು ಸ್ಥಾನಕ್ಕೆ ಚುನಾವಣೆ ಎಂದರೆ 224ನ್ನು ಐದರಿಂದ ಭಾಗಿಸಬೇಕು. ಗೆಲ್ಲಲು 45 ಶಾಸಕರು ಬೇಕು ಎಂಬ ಲೆಕ್ಕ ಬರುವುದು ಹಾಗೆ. ಆ 45 ಶಾಸಕರನ್ನು ಜನ ಆರಿಸಿ ಒಂದು ತಿಂಗಳಾಗಿರಬಹುದು, ನಾಲ್ಕೂವರೆ ವರ್ಷವೂ ಆಗಿರಬಹುದು. ಅದರ ಮೇಲೆ ಆರು ವರ್ಷ. ಅಂದರೆ ಮತಗಟ್ಟೆಯಲ್ಲಿ ಬಿದ್ದ ಓಟೊಂದು ದೆಹಲಿಯಲ್ಲಿ ಹತ್ತು ವರ್ಷದ ವರೆಗೂ ಕೈಯೆತ್ತುತ್ತಿರಬಹುದು. ಈ ಲೆಕ್ಕ ಹಾಕಿದಾಗ ನನಗೆ ನೆನಪಾದದ್ದು 1970ರ ಸೆಪ್ಟೆಂಬರ್.

ಆಗ ನಾನು ಮೈಸೂರಿನಲ್ಲಿ ಪ್ರೈಮರಿ ಶಾಲೆಯ ಹುಡುಗ. ನಮ್ಮ ವಠಾರದಲ್ಲಿ ಅರಮನೆಯ ಲಾಯದಲ್ಲಿ ಕೆಲಸಕ್ಕಿದ್ದ ಒಬ್ಬರಿದ್ದರು. ಅವರಿಗೂ ನಮ್ಮ ತಂದೆಗೂ ಪ್ರತಿ ಸಂಜೆ ಜಗಲಿಯ ಮೇಲೆ ವಾದ. ವಾದದ ವಸ್ತು ಒಂದೇ: ಮಹಾರಾಜರಿಗೆ ಸರ್ಕಾರ ಕೊಡುವ ದುಡ್ಡು. ತಂದೆಯವರದು ಒಂದೇ ಪಟ್ಟು, "ದುಡಿಯದೆ ಇಪ್ಪತ್ತಾರು ಲಕ್ಷ ಯಾಕ್ರೀ?" ಅವರದೂ ಒಂದೇ ಪಟ್ಟು, "ಮಾತು ಕೊಟ್ಟವರು ನಡೆಸಿಕೊಡಬೇಕಲ್ವಾ ರಾಯರೇ? ನಾಳೆ ನಮ್ಮ ಸಂಬಳ ಯಾರು ಕೊಡ್ತಾರೆ?" ಇಬ್ಬರೂ ಹೇಳುತ್ತಿದ್ದುದು ಸರಿಯೇ ಎಂದು ನನಗೆ ಆಗಲೂ ಅನ್ನಿಸುತ್ತಿತ್ತು.

ಸಂಸ್ಥಾನಗಳು ಭಾರತದಲ್ಲಿ ವಿಲೀನವಾಗುವಾಗ ರಾಜರಿಗೆ ಕೊಟ್ಟ ಮಾತು ಅದು. ರಾಜಧನ, ಪ್ರಿವಿ ಪರ್ಸ್ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಸಂವಿಧಾನದ 291 ಮತ್ತು 362ನೇ ವಿಧಿಗಳು ಅದಕ್ಕೆ ಕಾವಲು. ಮೈಸೂರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ, ದೇಶದಲ್ಲೇ ಅತಿ ದೊಡ್ಡ ಮೊತ್ತಗಳಲ್ಲಿ ಒಂದು. ಇಡೀ ದೇಶದ ರಾಜರಿಗೆಲ್ಲ ಸೇರಿ 1970ರ ಹೊತ್ತಿಗೆ ಐದು ಕೋಟಿಗೂ ಸ್ವಲ್ಪ ಕಡಿಮೆ. ಬಜೆಟ್ಟಿನಲ್ಲಿ ಅದು ಯಾವ ಲೆಕ್ಕ! ಆದರೆ ಅದು ದುಡ್ಡಿನ ಪ್ರಶ್ನೆಯಾಗಿ ಉಳಿದಿರಲಿಲ್ಲ. 1967ರಲ್ಲೇ ಎಐಸಿಸಿ ರಾಜಧನ ನಿಲ್ಲಬೇಕೆಂದು ನಿರ್ಣಯ ಮಾಡಿತ್ತು. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ ಸೇರಿದಾಗ ಇಂದಿರಾ ಗಾಂಧಿಯವರಿಗೂ ಪಕ್ಷದ ಹಿರಿಯರಿಗೂ ನಡುವಿನ ಬಿರುಕು ಬಾಯಿ ಬಿಟ್ಟಿತು. ನವೆಂಬರ್ ಹೊತ್ತಿಗೆ ಪಕ್ಷ ಎರಡಾಯಿತು. ಒಂದರ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಸಂಸ್ಥಾ ಕಾಂಗ್ರೆಸ್ ಎಂಬ ಹೆಸರು ಮನೆಮನೆಯ ಮಾತಾಯಿತು. ಮೈಸೂರು ರಾಜ್ಯದಲ್ಲಿ ವೀರೇಂದ್ರ ಪಾಟೀಲರ ಸರ್ಕಾರವೂ ಆ ಕಡೆಯೇ.

ರಾಜಧನ ರದ್ದು ಮಾಡುವ ಮಸೂದೆ 1970ರ ಸೆಪ್ಟೆಂಬರ್ 2ರಂದು ಲೋಕಸಭೆಯಲ್ಲಿ ಪಾಸಾಯಿತು. ಪರವಾಗಿ 332, ವಿರೋಧವಾಗಿ 154. ಮೂರು ದಿನ ಬಿಟ್ಟು ರಾಜ್ಯಸಭೆಯಲ್ಲಿ ಮತಕ್ಕೆ ಹಾಕಿದರು. ಪರವಾಗಿ 149, ವಿರೋಧವಾಗಿ 75.

ಸಂವಿಧಾನ ತಿದ್ದುಪಡಿಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಪಾಲು ಬೇಕು. ಅಂದು ಮತ ಹಾಕಿದವರು 224 ಜನ. (ಇಂದಿನ ನಮ್ಮ ವಿಧಾನಸಭೆಯ ಸಂಖ್ಯೆಯೂ ಅದೇ, ಆದ್ದರಿಂದ ನನಗೆ ಇದು ಮರೆಯುವುದೇ ಇಲ್ಲ.) 224ರಲ್ಲಿ ಮೂರನೇ ಎರಡು ಎಂದರೆ 149 ಮತ್ತು ಇನ್ನೊಂದು ಮತದ ಮೂರನೇ ಒಂದು ಪಾಲು. ಒಂದು ಮತ ಅಲ್ಲ, ಅದರ ಮೂರನೇ ಒಂದು ಪಾಲು ಕಡಿಮೆಯಾಗಿ ಮಸೂದೆ ಬಿದ್ದುಹೋಯಿತು. ಮಕ್ಕಳಿಗೆ ನಾನು ಇದನ್ನು ಬೋರ್ಡಿನ ಮೇಲೆ ಭಾಗಿಸಿ ತೋರಿಸುತ್ತೇನೆ. ಪರವಾಗಿ ಇನ್ನೊಬ್ಬರು ಬಂದಿದ್ದರೆ 225ಕ್ಕೆ 150, ತಕ್ಕಡಿ ಹಿಡಿದಂತೆ ಸರಿಯಾಗಿ ಪಾಸು. ಇಲ್ಲವೇ ವಿರೋಧಿಗಳಲ್ಲಿ ಒಬ್ಬರು ಕಾಫಿಗೆಂದು ಎದ್ದು ಹೋಗಿದ್ದರೂ 223 ಜನರಲ್ಲಿ 149 ಸಾಕಾಗುತ್ತಿತ್ತು.

ಆ ದಿನಗಳ ಬಗ್ಗೆ ಮೈಸೂರಿನವನಾಗಿ ನನಗೆ ಇನ್ನೊಂದು ಸ್ವಾರಸ್ಯ ಕಾಣುತ್ತದೆ. ಆಗ ರಾಜ್ಯಸಭೆಯ ಸಭಾಪತಿಗಳು ಉಪರಾಷ್ಟ್ರಪತಿ ಜಿ.ಎಸ್. ಪಾಠಕ್. ಮಸೂದೆ ಬಿದ್ದ ಕೂಡಲೇ ರಾಜರ ಮಾನ್ಯತೆಯನ್ನೇ ತೆಗೆದುಹಾಕುವ ಆದೇಶಕ್ಕೆ ಸಹಿ ಮಾಡಿದವರು ರಾಷ್ಟ್ರಪತಿ ವಿ.ವಿ. ಗಿರಿ. ಇಬ್ಬರೂ ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು, ಮೊದಲು ಗಿರಿ, ಅವರ ನಂತರ ಪಾಠಕ್. ಅವರಿಗಿಂತ ಮುಂಚೆ, 1964ರ ವರೆಗೆ, ಅದೇ ಹುದ್ದೆಯಲ್ಲಿದ್ದವರು ಜಯಚಾಮರಾಜೇಂದ್ರ ಒಡೆಯರ್! ಮಾನ್ಯತೆ ಕಳೆದುಕೊಂಡವರು, ಕಳೆದವರು, ಮಸೂದೆ ಬಿದ್ದ ಮನೆಯ ಯಜಮಾನರು, ಮೂವರೂ ಒಂದೇ ರಾಜಭವನದಲ್ಲಿ ಇದ್ದು ಹೋದವರು.

ಆ 75 ಜನ ಯಾರು? ಪ್ರಧಾನವಾಗಿ ಸಂಸ್ಥಾ ಕಾಂಗ್ರೆಸ್, ಸ್ವತಂತ್ರ ಪಕ್ಷ, ಜನಸಂಘದವರು. ಆದರೆ ಪಕ್ಷದ ಹೆಸರಿಗಿಂತ ನನ್ನನ್ನು ಹಿಡಿದದ್ದು ಅವರು ಬಂದ ಕಾಲ. 1970ರಲ್ಲಿ ಆ ಸಭೆಯಲ್ಲಿದ್ದವರು 1966, 1968 ಮತ್ತು 1970ರಲ್ಲಿ ಆಯ್ಕೆಯಾದ ಮೂರು ತಂಡಗಳು. 1966ರ ತಂಡವನ್ನು ಆರಿಸಿದ್ದು, ಬಹುಪಾಲು ರಾಜ್ಯಗಳಲ್ಲಿ, 1962ರ ಚುನಾವಣೆಯಲ್ಲಿ ಗೆದ್ದು ಬಂದ ವಿಧಾನಸಭೆಗಳು. 1962ರ ಆ ಚುನಾವಣೆ ನಡೆದಾಗ ನೆಹರೂ ಬದುಕಿದ್ದರು, ಚೀನಾ ಯುದ್ಧ ಆಗಿರಲಿಲ್ಲ, ಕಾಂಗ್ರೆಸ್ ಎಂದರೆ ಒಂದೇ ಕಾಂಗ್ರೆಸ್. ಆ ದಿನ ಎತ್ತಿನ ಜೋಡಿಯ ಗುರುತಿಗೆ ಮುದ್ರೆ ಒತ್ತಿದ ರೈತನ ಓಟು ಎಂಟು ವರ್ಷದ ನಂತರ ಯಾವ ಕಾಂಗ್ರೆಸ್ಸಿಗೆ ಸೇರಬೇಕು? ಅವನನ್ನು ಯಾರೂ ಕೇಳಲಿಲ್ಲ. ಅವನ ಶಾಸಕರು ಕಳಿಸಿದ ಸದಸ್ಯರು ತಮಗೆ ತೋಚಿದ ಕಡೆ ಕುಳಿತರು.

ಇದಕ್ಕೆ ನಮ್ಮವರೇ ಒಬ್ಬರು ಉದಾಹರಣೆ ಇದ್ದಾರೆ. ಎಂ.ಎಸ್. ಗುರುಪಾದಸ್ವಾಮಿಯವರು 1952ರಲ್ಲಿ ಮೈಸೂರಿನಿಂದ ಮೊದಲ ಲೋಕಸಭೆಗೆ ಹೋದವರು, ಆಗ ಕಾಂಗ್ರೆಸ್ಸಿನ ವಿರೋಧಿ. ಆಮೇಲೆ ಕಾಂಗ್ರೆಸ್ಸಿಗರಾಗಿ ರಾಜ್ಯಸಭೆಗೆ ಹೋದರು, 1966ರಲ್ಲಿ ಮತ್ತೆ ಆರು ವರ್ಷಕ್ಕೆ ಆಯ್ಕೆಯಾದರು. ಒಡಕಿನಲ್ಲಿ ಸಂಸ್ಥಾ ಕಾಂಗ್ರೆಸ್ ಕಡೆ ನಿಂತರು. 1971ರ ಮಾರ್ಚ್‌ನಲ್ಲಿ ಮಧ್ಯಂತರ ಚುನಾವಣೆ ಆಯಿತು. ಇಂದಿರಾ ಗಾಂಧಿಯವರ ಪಕ್ಷಕ್ಕೆ 352 ಸ್ಥಾನ; ಮೈಸೂರು ರಾಜ್ಯದಲ್ಲಿ 27ಕ್ಕೆ 27. ನಿಜಲಿಂಗಪ್ಪನವರ ಪಕ್ಷಕ್ಕೆ ತವರಿನಲ್ಲಿ ಒಂದು ಲೋಕಸಭಾ ಸ್ಥಾನವೂ ಸಿಗಲಿಲ್ಲ. ಆದರೆ ಅದೇ ತಿಂಗಳು ರಾಜ್ಯಸಭೆಯ ಪ್ರತಿಪಕ್ಷ ನಾಯಕರಾದವರು ಗುರುಪಾದಸ್ವಾಮಿ! ರಾಜ್ಯದ ಜನ ಆಗಷ್ಟೇ ಪೂರ್ತಿ ತಿರಸ್ಕರಿಸಿದ್ದ ಪಕ್ಷದ ನಾಯಕರಾಗಿ, ಅದೇ ಜನ 1962ರಲ್ಲಿ ಕೊಟ್ಟಿದ್ದ ಓಟಿನ ಬಲದ ಮೇಲೆ, ಅವರು 1972ರ ಏಪ್ರಿಲ್ ವರೆಗೆ ಆ ಕುರ್ಚಿಯಲ್ಲಿ ಕುಳಿತರು. ಅವರ ಮೇಲೆ ದೂರಲು ನಾನು ಇದನ್ನು ಹೇಳುತ್ತಿಲ್ಲ. ಸಂವಿಧಾನ ಬರೆದವರು ಬಯಸಿದ್ದೇ ಇದನ್ನು: ಒಂದು ಚುನಾವಣೆಯ ಅಲೆಗೆ ಇಡೀ ಸಂಸತ್ತು ಕೊಚ್ಚಿಹೋಗಬಾರದು.

ಇಲ್ಲಿಯ ವರೆಗೆ ನನ್ನ ಲೆಕ್ಕ ಚೆನ್ನಾಗಿಯೇ ಕೂತಿತ್ತು. ಹಳೆಯ ಓಟುಗಳು ಹೊಸ ಸರ್ಕಾರವನ್ನು ತಡೆದವು, ಅಷ್ಟೇ ಎಂದು ಮಕ್ಕಳಿಗೆ ಹೇಳಿ ಮುಗಿಸಬಹುದಿತ್ತು. ಆದರೆ ಮುಂದಿನ ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಲೆಕ್ಕ ತಪ್ಪಿತು. ರಾಷ್ಟ್ರಪತಿಗಳ ಆದೇಶವನ್ನು 1970ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದೇ ತಿಂಗಳ ಕೊನೆಯಲ್ಲಿ ಲೋಕಸಭೆ ವಿಸರ್ಜನೆಯಾಯಿತು. ಹೊಸ ಲೋಕಸಭೆ ಬಂದ ಮೇಲೆ, 1971ರ ಡಿಸೆಂಬರ್‌ನಲ್ಲಿ, ರಾಜಧನ ರದ್ದತಿ 26ನೇ ತಿದ್ದುಪಡಿಯಾಗಿ ಮತ್ತೆ ಬಂತು. ಈ ಸಲ ರಾಜ್ಯಸಭೆಯಲ್ಲಿ ಸಲೀಸಾಗಿ ಪಾಸಾಯಿತು. ಆದರೆ ರಾಜ್ಯಸಭೆಯ ಮುಂದಿನ ದ್ವೈವಾರ್ಷಿಕ ಚುನಾವಣೆ ಇದ್ದದ್ದು 1972ರಲ್ಲಿ! ಅಲ್ಲೊಂದು ಇಲ್ಲೊಂದು ಉಪಚುನಾವಣೆ ಬಿಟ್ಟರೆ, ಹದಿನೈದು ತಿಂಗಳ ಹಿಂದೆ ಮಸೂದೆಯನ್ನು ಬೀಳಿಸಿದ್ದ ಸಭೆಯೇ ಅದು. ಅದೇ ಕುರ್ಚಿಗಳು, ಅವೇ ಹಳೆಯ ಓಟುಗಳು, ಉತ್ತರ ಮಾತ್ರ ಬೇರೆ.

ಏನು ಬದಲಾಗಿತ್ತು? ಗಾಳಿ. ಬಾಂಗ್ಲಾ ಯುದ್ಧ ಆಗ ನಡೆಯುತ್ತಿತ್ತು. ಸಂಸ್ಥಾ ಕಾಂಗ್ರೆಸ್ಸಿನಿಂದ ಜನ ಕದಲತೊಡಗಿ ತಿಂಗಳುಗಳಾಗಿದ್ದವು. ಪಕ್ಷಾಂತರ ನಿಷೇಧ ಕಾನೂನು ಆಗ ಇರಲಿಲ್ಲ, ಸದಸ್ಯರು ಎದ್ದು ಆಚೆ ಕಡೆ ಹೋಗಿ ಕೂರಬಹುದಿತ್ತು. ಆದ್ದರಿಂದ ಹಳೆಯ ಓಟು ಎಂದರೆ ಗಟ್ಟಿ ಗೋಡೆ ಎಂಬ ನನ್ನ ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕಾಯಿತು. ಅದು ತಡೆಯುತ್ತದೆ, ಆದರೆ ಹೊಸ ಓಟು ಎಷ್ಟು ಜೋರಾಗಿದೆ ಎಂದು ನೋಡಿಕೊಂಡು ತಡೆಯುತ್ತದೆ. ಒಂದು ಅರ್ಥದಲ್ಲಿ ಮೇಲ್ಮನೆ 1970ರಲ್ಲಿ ಹೇಳಿದ್ದು, ಜನರನ್ನು ಕೇಳಿಕೊಂಡು ಬಾ ಎಂದು. ಕೇಳಿಕೊಂಡು ಬಂದ ಮೇಲೆ ಬಾಗಿಲು ತೆಗೆಯಿತು. ಇದು ನನ್ನ ಓದು. ಆ ಹದಿನೈದು ತಿಂಗಳಲ್ಲಿ ಕುರ್ಚಿ ಬದಲಿಸಿದವರೆಲ್ಲ ಇಷ್ಟು ಉದಾತ್ತವಾಗಿ ಯೋಚಿಸಿದ್ದರು ಎಂದು ನಾನೂ ನಂಬುವುದಿಲ್ಲ.

ಅರಮನೆಯ ಲಾಯದ ನಮ್ಮ ನೆರೆಯವರು ಆಮೇಲೆ ಜಗಲಿಗೆ ಬರುವುದು ಕಡಿಮೆಯಾಯಿತು. ತಂದೆಯವರೂ ಗೆದ್ದೆನೆಂದು ಹೇಳಿಕೊಳ್ಳಲಿಲ್ಲ.

ಅಧಿಕಾರದಲ್ಲಿರುವವರು ಈ ಪಾಠವನ್ನು ಬೇರೆ ರೀತಿಯಲ್ಲಿ ಕಲಿತರು. 1977ರಲ್ಲಿ ಜನತಾ ಪಕ್ಷ ಲೋಕಸಭೆ ಗೆದ್ದಾಗ ರಾಜ್ಯಸಭೆ ಪೂರ್ತಿ ಕಾಂಗ್ರೆಸ್ಸಿನ ಕೈಯಲ್ಲಿತ್ತು. ಏಪ್ರಿಲ್ ಮುಗಿಯುವುದರೊಳಗೆ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ವಜಾ ಮಾಡಿದರು. 1980ರ ಫೆಬ್ರವರಿಯಲ್ಲಿ ಮರಳಿ ಬಂದ ಇಂದಿರಾ ಗಾಂಧಿಯವರೂ ಒಂಬತ್ತು ಸರ್ಕಾರಗಳನ್ನು ವಜಾ ಮಾಡಿ ಲೆಕ್ಕ ಚುಕ್ತಾ ಮಾಡಿದರು. ಜನಾದೇಶ ಹೋಗಿದೆ ಎಂಬುದು ಎರಡೂ ಸಲ ಹೇಳಿದ ಕಾರಣ. ರಾಜ್ಯಸಭೆಯ ಸದಸ್ಯರನ್ನು ಕಳಿಸುವುದು ವಿಧಾನಸಭೆಗಳೇ ಎಂಬುದು ಬಾಯಲ್ಲಿ ಹೇಳದಿದ್ದರೂ ಎಲ್ಲರಿಗೂ ಗೊತ್ತಿದ್ದ ಸಂಗತಿ. ನಡುವೆ 1978ರಲ್ಲಿ ತುರ್ತುಪರಿಸ್ಥಿತಿಯ ತಿದ್ದುಪಡಿಗಳನ್ನು ಸರಿಪಡಿಸುವ ಮಸೂದೆ ಬಂದಾಗ ರಾಜ್ಯಸಭೆ ಅದರ ಐದು ಕಲಂಗಳನ್ನು ತೆಗೆದುಹಾಕಿತು. ಕೆಲವು ಮೂಲಭೂತ ಬದಲಾವಣೆಗಳಿಗೆ ಜನಮತ ಸಂಗ್ರಹ ಬೇಕು ಎಂಬ ಕಲಂ ಅವುಗಳಲ್ಲಿ ಒಂದು. ಜನರನ್ನು ನೇರವಾಗಿ ಕೇಳಬೇಕೆಂಬ ಮಾತನ್ನು ಜನ ನೇರವಾಗಿ ಆರಿಸದ ಸಭೆ ಅಳಿಸಿತು.

ನಮ್ಮ ರಾಜ್ಯಕ್ಕೆ ಹೆಚ್ಚು ಹತ್ತಿರದ್ದು 1989ರ ಕಥೆ. ರಾಜೀವ್ ಗಾಂಧಿಯವರಿಗೆ ಲೋಕಸಭೆಯಲ್ಲಿ 400ಕ್ಕೂ ಹೆಚ್ಚು ಸದಸ್ಯರು. ಪಂಚಾಯ್ತಿಗಳಿಗೆ ಸಂವಿಧಾನದ ಸ್ಥಾನ ಕೊಡುವ 64ನೇ ತಿದ್ದುಪಡಿ ಮಸೂದೆ ಅಲ್ಲಿ ಸುಲಭವಾಗಿ ಪಾಸಾಯಿತು. ಅಕ್ಟೋಬರ್‌ನಲ್ಲಿ ರಾಜ್ಯಸಭೆಯಲ್ಲಿ ಮೂರನೇ ಎರಡು ಸಿಗದೆ ಬಿತ್ತು. ಕಾಂಗ್ರೆಸ್ ಆ ಹಿಂದಿನ ಆರೇಳು ವರ್ಷಗಳಲ್ಲಿ ಆಂಧ್ರ, ಕರ್ನಾಟಕ, ಅಸ್ಸಾಂ, ಕೇರಳ, ಹರಿಯಾಣಗಳನ್ನು ಒಂದೊಂದಾಗಿ ಕಳೆದುಕೊಂಡಿತ್ತು. ಪ್ರತಿಯೊಂದು ಸೋಲೂ ಎರಡು ವರ್ಷಕ್ಕೊಮ್ಮೆ ಮೇಲ್ಮನೆಯ ಬೆಂಚುಗಳ ಮೇಲೆ ಬಂದು ಕೂತಿತ್ತು.

ಇಲ್ಲಿ ಎರಡು ವಿಚಿತ್ರಗಳಿವೆ. ಒಂದು, ಪಂಚಾಯ್ತಿಗಳ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದ್ದೇ ಕರ್ನಾಟಕ. ಅಬ್ದುಲ್ ನಜೀರ್ ಸಾಬ್, ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸಿ ನೀರ್‌ಸಾಬ್ ಎನ್ನಿಸಿಕೊಂಡ ಮಂತ್ರಿ, 1983ರಲ್ಲಿ ತಂದ ಕಾಯ್ದೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳು ಬಂದವು. 1987ರ ಜನವರಿಯಲ್ಲಿ ಚುನಾವಣೆ ನಡೆದು ಮಹಿಳೆಯರಿಗೆ ಶೇಕಡಾ 25ರಷ್ಟು ಮೀಸಲಾತಿ ಸಿಕ್ಕಿತ್ತು. ಅದನ್ನು ಮಾಡಿದ ಜನತಾ ಬಳಗವೇ ದೆಹಲಿಯ ಮಸೂದೆಯನ್ನು ವಿರೋಧಿಸಿತು: ಇದು ರಾಜ್ಯಗಳ ತಲೆ ದಾಟಿ ಹಳ್ಳಿಗೆ ಕೈ ಚಾಚುವ ಉಪಾಯ ಎಂದು. ಎರಡು, ಅಷ್ಟು ಹೊತ್ತಿಗೆ ಕರ್ನಾಟಕದಲ್ಲಿ ಜನತಾ ಸರ್ಕಾರವೇ ಇರಲಿಲ್ಲ. ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ಏಪ್ರಿಲ್‌ನಲ್ಲೇ ವಜಾ ಮಾಡಿ ವಿಧಾನಸಭೆಯನ್ನು ವಿಸರ್ಜಿಸಿದ್ದರು. ಆರಿಸಿದ ವಿಧಾನಸಭೆ ಇಲ್ಲ, ಅದು ಕಳಿಸಿದ ಸದಸ್ಯರು ಇದ್ದರು. ನವೆಂಬರ್‌ನ ಚುನಾವಣೆಯಲ್ಲಿ ಕಾಂಗ್ರೆಸ್ ಇಲ್ಲಿ 178 ಸ್ಥಾನ ಗೆದ್ದಿತು; ಒಂದು ತಿಂಗಳು ಹಿಂದಿನ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಎಣಿಕೆಯಾದದ್ದು ಮಾತ್ರ 1985ರ ಓಟು.

ವಿರೋಧಿಸಿದವರ ವಾದದಲ್ಲಿ ಹುರುಳಿತ್ತು ಎಂದೇ ನನ್ನ ಭಾವನೆ. ಸರ್ಕಾರಗಳನ್ನು ವಜಾ ಮಾಡುತ್ತಿದ್ದ ಕೇಂದ್ರವನ್ನು ಅವರು ಹೇಗೆ ನಂಬಿಯಾರು? ಆದರೆ ಅದರ ಬೆಲೆಯನ್ನು ತೆತ್ತವರು ಬೇರೆ. 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಬಿಹಾರದ, ರಾಜಸ್ಥಾನದ ಯಾವುದೋ ಹಳ್ಳಿಯ ಹೆಣ್ಣುಮಗಳು ಪಂಚಾಯ್ತಿಯ ಕುರ್ಚಿ ಮೇಲೆ ಕೂರುವುದು ಮೂರೂವರೆ ವರ್ಷ ಮುಂದಕ್ಕೆ ಹೋಯಿತು.

ಈಗಿನ ರಾಜ್ಯಸಭೆಯಲ್ಲಿ ಇಂಥ ಅನಿರೀಕ್ಷಿತಗಳು ಕಡಿಮೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ ದಾಟಿದರೆ ಸದಸ್ಯತ್ವಕ್ಕೇ ಕುತ್ತು. 2003ರ ತಿದ್ದುಪಡಿಯಿಂದ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಹಾಕಬೇಕು. ಅದೇ ತಿದ್ದುಪಡಿ, ಅಭ್ಯರ್ಥಿ ಆ ರಾಜ್ಯದವರೇ ಆಗಿರಬೇಕೆಂಬ ಷರತ್ತನ್ನೂ ತೆಗೆಯಿತು. ನೆಲ್ಲೂರಿನ ವೆಂಕಯ್ಯ ನಾಯ್ಡು ಮೂರು ಅವಧಿಗೆ ನಮ್ಮಿಂದಲೇ ಹೋದರು. ನಿರ್ಮಲಾ ಸೀತಾರಾಮನ್, ಜೈರಾಂ ರಮೇಶ್ ಎದುರುಬದುರು ಕುಳಿತು ವಾದ ಮಾಡುವಾಗ ಇಬ್ಬರೂ ಕರ್ನಾಟಕದ ಪ್ರತಿನಿಧಿಗಳು ಎಂಬುದು ನಮಗೇ ನೆನಪಿರುವುದಿಲ್ಲ. ಬಹುಮತ ಇಲ್ಲದಾಗ ಹಣಕಾಸು ಮಸೂದೆ ಎಂಬ ಪಕ್ಕದ ಬಾಗಿಲೂ ಇದೆ. 2016ರಲ್ಲಿ ಆಧಾರ್ ಕಾಯ್ದೆ ಹೊರಬಂದದ್ದು ಆ ಬಾಗಿಲಿನಿಂದ. ರಾಜ್ಯಸಭೆ ಸೂಚಿಸಿದ ತಿದ್ದುಪಡಿಗಳನ್ನು ಲೋಕಸಭೆ ಬದಿಗಿಟ್ಟಿತು.

ನಾಮನಿರ್ದೇಶಿತ ಹನ್ನೆರಡು ಜನರನ್ನು ಮರೆಯುವಂತಿಲ್ಲ. ಅವರ ಹಿಂದೆ ಯಾವ ಓಟೂ ಇಲ್ಲ, ಹಳೆಯದೂ ಇಲ್ಲ, ಹೊಸದೂ ಇಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ಅಲ್ಲಿ ಮಕ್ಕಳ ಶಾಲಾಚೀಲದ ಭಾರದ ಬಗ್ಗೆ ಆಡಿದ ಮಾತು ಇಂದಿಗೂ ನೆನಪಿನಲ್ಲಿದೆ. ಕಸ್ತೂರಿರಂಗನ್, ಬಿ. ಜಯಶ್ರೀ, ವೀರೇಂದ್ರ ಹೆಗ್ಗಡೆ, ಸುಧಾ ಮೂರ್ತಿ ಇವರೆಲ್ಲ ನಮ್ಮ ಕಡೆಯಿಂದ ಹಾಗೆ ಹೋದವರು. ಅಲಂಕಾರದ ಸ್ಥಾನ ಎನ್ನುವವರಿದ್ದಾರೆ. ಆದರೆ ಒಂದು ಮತದ ಮೂರನೇ ಒಂದು ಪಾಲಿಗೆ ಮಸೂದೆ ಬಿದ್ದ ಮನೆಯಲ್ಲಿ ಹನ್ನೆರಡು ಮತ ಅಲಂಕಾರ ಹೇಗಾದೀತು?

ಮರುದಿನ ಸಂಜೆ ಆ ಹುಡುಗಿಯ ಪ್ರಶ್ನೆಗೆ ಮತ್ತೆ ಬಂದೆ. 2022ರ ಜೂನ್‌ನಲ್ಲಿ ಕರ್ನಾಟಕದಿಂದ ನಾಲ್ವರು ಆಯ್ಕೆಯಾದರು, ಅವರನ್ನು ಆರಿಸಿದ್ದು 2018ರಲ್ಲಿ ಗೆದ್ದು ಬಂದ ವಿಧಾನಸಭೆ, ಅವರ ಅವಧಿ 2028ರ ವರೆಗೆ ಎಂದು ಬೋರ್ಡಿನ ಮೇಲೆ ಬರೆದೆ. 2018ಕ್ಕೂ 2022ಕ್ಕೂ ನಡುವೆ ಹದಿನೇಳು ಶಾಸಕರು ಅನರ್ಹರಾಗಿ, ಸರ್ಕಾರ ಬದಲಾಗಿ, ಉಪಚುನಾವಣೆಗಳೂ ನಡೆದಿದ್ದವು. ಅದನ್ನೂ ಪಕ್ಕದಲ್ಲಿ ಬರೆದೆ. ಬೋರ್ಡು ತುಂಬಿತು.

ಅವಳು ಬೆರಳು ಮಡಚಿ ಎಣಿಸಿದಳು. "2018ರಲ್ಲಿ ನಾನು ಐದನೇ ಕ್ಲಾಸು ಸರ್" ಎಂದಳು. ಆಮೇಲೆ, "ಆಗ ನಮ್ಮ ತಾತ ಇದ್ರು. ಅವರು ಓಟು ಹಾಕಿ ಬಂದು ಬೆರಳು ತೋರಿಸಿದ್ದು ನೆನಪಿದೆ. ಅವರ ಓಟು ಇನ್ನೂ ಅಲ್ಲಿದೆಯಾ ಸರ್?"

ಇದೆ, 2028ರ ವರೆಗೆ ಎಂದೆ.